ಆಟಕ್ಕುಂಟು, ಲೆಕ್ಕಕ್ಕಿಲ್ಲ

ಒಂದು ಸಣ್ಣ ಲೆಕ್ಕ ಕೊಡ್ತೀನಿ, ಬಿಡಿಸಿ. ಒಂದು ಫುಟ್‌ಬಾಲ್ ಲೀಗ್, ಅದರಲ್ಲಿ 22 ತಂಡಗಳು. ಆ ವರ್ಷ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದದ್ದು ಒಂದು ತಂಡ. ಹೊಡೆಸಿಕೊಂಡದ್ದಕ್ಕಿಂತ ಹೊಡೆದ ಗೋಲುಗಳೇ ಜಾಸ್ತಿ. ಅಷ್ಟೇ ಅಲ್ಲ, ಹಿಂದಿನ ವರ್ಷದ ಚಾಂಪಿಯನ್ ಕೂಡ ಅದೇ ತಂಡ. ಹಾಗಾದರೆ ಆ ವರ್ಷ ಅದು ಎಷ್ಟನೇ ಸ್ಥಾನದಲ್ಲಿ ಬಂದಿರಬೇಕು? ಮೊದಲನೇ ಸ್ಥಾನ? ಎರಡನೇದು? ಹೋಗಲಿ, ಐದನೇದು?

21ನೇ ಸ್ಥಾನ! ಕೆಳಗಿನಿಂದ ಎರಡನೆಯದು. ಚಾಂಪಿಯನ್ ತಂಡ ಸೀದಾ ಎರಡನೇ ದರ್ಜೆಗೆ ಬಿತ್ತು.

ಇದು ಕಟ್ಟುಕಥೆ ಅಲ್ಲ. ಇಂಗ್ಲೆಂಡ್‌ನ 1937-38ರ ಸೀಸನ್, ತಂಡದ ಹೆಸರು ಮ್ಯಾಂಚೆಸ್ಟರ್ ಸಿಟಿ. ಹೊಡೆದ ಗೋಲು 80, ಹೊಡೆಸಿಕೊಂಡದ್ದು 77. ಆ ವರ್ಷ ಚಾಂಪಿಯನ್ ಆದ ಆರ್ಸೆನಲ್ ಹೊಡೆದದ್ದು 77. ಅಂದರೆ ಚಾಂಪಿಯನ್‌ಗಿಂತ ಮೂರು ಗೋಲು ಜಾಸ್ತಿ ಹೊಡೆದ ತಂಡ ಮನೆಗೆ ಹೋಯಿತು. ಇಂಗ್ಲೆಂಡ್‌ನ ಇತಿಹಾಸದಲ್ಲಿ ಚಾಂಪಿಯನ್ ಆದ ಮರುವರ್ಷವೇ ಕೆಳಗಿನ ದರ್ಜೆಗೆ ಬಿದ್ದ ಏಕೈಕ ತಂಡ ಇವತ್ತಿಗೂ ಅದೇ.

ಏನ್ರೀ ಇದು ವಿಚಿತ್ರ ಅಂತೀರಾ? ವಿಚಿತ್ರ ಏನೂ ಇಲ್ಲ. ಗೋಲು ಬೇರೆ, ಪಾಯಿಂಟು ಬೇರೆ. ಆಗ ಗೆದ್ದರೆ ಎರಡು ಪಾಯಿಂಟ್, ಡ್ರಾ ಆದರೆ ಒಂದು. ನೀವು 7-1ರಲ್ಲಿ ಗೆದ್ದರೂ ಎರಡೇ ಪಾಯಿಂಟ್, 1-0ಯಲ್ಲಿ ಗೆದ್ದರೂ ಎರಡೇ ಪಾಯಿಂಟ್. ಮಿಕ್ಕ ಐದು ಗೋಲುಗಳನ್ನು ಮುಂದಿನ ವಾರದ ಪಂದ್ಯಕ್ಕೆ ಜಮಾ ಮಾಡಿಕೊಳ್ಳುವ ಹಾಗಿಲ್ಲ. ಸಿಟಿ ಮಾಡಿದ್ದು ಅದನ್ನೇ. ಗೆದ್ದಾಗ ಗೋಲುಗಳ ಮಳೆ, ಸೋಲು ಮಾತ್ರ 42 ಪಂದ್ಯಗಳಲ್ಲಿ 20! ಗೆದ್ದದ್ದು 14, ಡ್ರಾ 8, ಒಟ್ಟು 36 ಪಾಯಿಂಟ್.

ಕೊನೆಯ ದಿನ ಹಡರ್ಸ್‌ಫೀಲ್ಡ್ ತಂಡದ ಎದುರು 1-0ಯಲ್ಲಿ ಸೋತರು. ಆ ಒಂದು ಪಂದ್ಯ ಗೆದ್ದಿದ್ದರೆ ಸಿಟಿಗೆ 38 ಪಾಯಿಂಟ್ ಆಗುತ್ತಿತ್ತು, ಹಡರ್ಸ್‌ಫೀಲ್ಡ್ 37ಕ್ಕೆ ಇಳಿದು ತಾನೇ ಬೀಳುತ್ತಿತ್ತು. 80 ಗೋಲು ಹೊಡೆದವರಿಗೆ ಆ ದಿನ ಬೇಕಾಗಿದ್ದು ಎರಡೇ ಎರಡು ಗೋಲು.

ಇದೆಲ್ಲ ನಮಗ್ಯಾಕೆ ಅಂತ ಕೇಳಬೇಡಿ. 2018ರ ವಿಧಾನಸಭೆ ಚುನಾವಣೆ ನೆನಪು ಮಾಡಿಕೊಳ್ಳಿ. ಕಾಂಗ್ರೆಸ್‌ಗೆ ಬಿದ್ದ ಮತ ಸುಮಾರು ಶೇಕಡಾ 38, ಬಿಜೆಪಿಗೆ ಸುಮಾರು ಶೇಕಡಾ 36. ಆದರೆ ಮೇ 15ರಂದು 222 ಕ್ಷೇತ್ರಗಳ ಫಲಿತಾಂಶ ಬಂದಾಗ ಬಿಜೆಪಿಗೆ 104, ಕಾಂಗ್ರೆಸ್‌ಗೆ 78. ಮತ ಜಾಸ್ತಿ ಒಬ್ಬರಿಗೆ, ಸೀಟು ಜಾಸ್ತಿ ಇನ್ನೊಬ್ಬರಿಗೆ. ಮೋಸ ಏನೂ ಇಲ್ಲ. ಒಂದು ಕ್ಷೇತ್ರದಲ್ಲಿ ಐವತ್ತು ಸಾವಿರ ಅಂತರದಲ್ಲಿ ಗೆದ್ದರೂ ಒಂದೇ ಸೀಟು, ಐನೂರು ಮತದಲ್ಲಿ ಗೆದ್ದರೂ ಒಂದೇ ಸೀಟು. ಮತ ಎಷ್ಟು ಬಿತ್ತು ಅನ್ನುವುದರ ಜೊತೆಗೆ ಎಲ್ಲಿ ಬಿತ್ತು ಅನ್ನುವುದೂ ಮುಖ್ಯ. ಗೋಲಿನ ಕಥೆಯೂ ಇದೇ.

ಆರ್‌ಸಿಬಿ ಅಭಿಮಾನಿಗಳಿಗಂತೂ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2016ರಲ್ಲಿ ವಿರಾಟ್ ಕೊಹ್ಲಿ 973 ರನ್ ಹೊಡೆದರು, ನಾಲ್ಕು ಶತಕ. ಐಪಿಎಲ್‌ನಲ್ಲಿ ಹಿಂದೆಂದೂ ಯಾರೂ ಮಾಡಿರದ ಸಾಧನೆ. ಫೈನಲ್ ನಡೆದದ್ದು ನಮ್ಮದೇ ಚಿನ್ನಸ್ವಾಮಿಯಲ್ಲಿ. ಸೋತದ್ದು 8 ರನ್‌ಗಳಿಂದ. ರನ್ ರಾಶಿ ದಾಖಲೆ ಪುಸ್ತಕಕ್ಕೆ ಹೋಯಿತು, ಕಪ್ ಹೈದರಾಬಾದ್‌ಗೆ ಹೋಯಿತು.

ಹಾಗಾದರೆ ಅಂಕಿ-ಅಂಶಗಳೆಲ್ಲ ಬುರುಡೆನಾ? ಸೋತ ತಂಡದ ಕೋಚ್ ಮೈಕ್ ಮುಂದೆ ನಿಂತು, "ಚೆಂಡು ನಮ್ಮ ಹತ್ತಿರಾನೇ ಇತ್ತು, ಹೆಚ್ಚು ಪಾಸ್ ಮಾಡಿದ್ದು ನಾವೇ" ಅಂದಾಗ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಅಂತ ನಕ್ಕುಬಿಡೋದಾ? ಕೆಲವು ಸಲ ನಗಬಹುದು. 2018ರ ವಿಶ್ವಕಪ್‌ನಲ್ಲಿ ಸ್ಪೇನ್ ತಂಡ ರಷ್ಯಾ ಎದುರು ಸಾವಿರಕ್ಕೂ ಹೆಚ್ಚು ಪಾಸ್ ಮಾಡಿತು. ಸಿಕ್ಕ ಒಂದೇ ಗೋಲು ರಷ್ಯಾದ ಆಟಗಾರ ತನ್ನದೇ ಬಲೆಗೆ ಸೇರಿಸಿದ್ದು! ಪೆನಾಲ್ಟಿಯಲ್ಲಿ ಸೋತು ಮನೆಗೆ ಹೋದರು. 2022ರಲ್ಲಿ ಮೊರಾಕ್ಕೊ ಎದುರು ಮತ್ತೆ ಸಾವಿರಕ್ಕೂ ಹೆಚ್ಚು ಪಾಸ್. ಗೋಲು ಸೊನ್ನೆ. ಪೆನಾಲ್ಟಿಯಲ್ಲೂ ಸೊನ್ನೆ. ಎದುರಾಳಿ ಹಿಂದೆ ಸರಿದು ಕೋಟೆ ಕಟ್ಟಿಕೊಂಡು ಕೂತರೆ ಚೆಂಡು ನಿಮ್ಮ ಹತ್ತಿರವೇ ಇರುತ್ತದೆ. ಅದು ನೀವು ಗಳಿಸಿದ್ದಲ್ಲ, ಅವರು ಬಿಟ್ಟುಕೊಟ್ಟದ್ದು. ಒಂದು ಗೋಲು ಮುಂದಿರುವ ತಂಡ ಮಾಡೋದೂ ಅದನ್ನೇ. ಹಾಗಾಗಿಯೇ ಎಷ್ಟೋ ಪಂದ್ಯಗಳಲ್ಲಿ ಚೆಂಡು ಜಾಸ್ತಿ ಹೊತ್ತು ಇಟ್ಟುಕೊಂಡವರು ಸೋಲುತ್ತಿರುವವರೇ ಆಗಿರುತ್ತಾರೆ.

ಆದರೆ ಎಲ್ಲ ಅಂಕಿಯೂ ಹೀಗಲ್ಲ. ಇಲ್ಲೊಂದು ಉಲ್ಟಾ ಕಥೆ ಇದೆ.

ಜರ್ಮನಿಯ ಬೊರುಸ್ಸಿಯಾ ಡಾರ್ಟ್‌ಮುಂಡ್. ಕೋಚ್ ಯೂರ್ಗನ್ ಕ್ಲಾಪ್. 2011 ಮತ್ತು 2012ರಲ್ಲಿ ಚಾಂಪಿಯನ್, 2013ರಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್, 2014ರಲ್ಲಿ ಲೀಗ್‌ನಲ್ಲಿ ಎರಡನೇ ಸ್ಥಾನ. ಅಂಥ ತಂಡ 2014-15ರಲ್ಲಿ ಕುಸಿದು ಕೂತಿತು. ಅರ್ಧ ಸೀಸನ್ ಮುಗಿದಾಗ 17 ಪಂದ್ಯಗಳಲ್ಲಿ 10 ಸೋಲು, 15 ಪಾಯಿಂಟ್. 18 ತಂಡಗಳ ಪಟ್ಟಿಯಲ್ಲಿ 17ನೇ ಸ್ಥಾನ. ಫೆಬ್ರವರಿಯಲ್ಲಿ ಸ್ವಂತ ಮೈದಾನದಲ್ಲಿ ಆಗ್ಸ್‌ಬರ್ಗ್ ಎದುರು ಸೋತು ಕಟ್ಟಕಡೆಯಲ್ಲೇ ಉಳಿದರು. ಆ ರಾತ್ರಿ ಆಟಗಾರರು ಬೇಲಿ ಹತ್ತಿ ಸಿಟ್ಟಾದ ಅಭಿಮಾನಿಗಳನ್ನು ಸಮಾಧಾನ ಮಾಡಬೇಕಾಯಿತು. ಏಪ್ರಿಲ್‌ನಲ್ಲಿ ಕ್ಲಾಪ್, ಈ ಸೀಸನ್ ಮುಗಿದ ಮೇಲೆ ಹೋಗ್ತೀನಿ ಅಂದರು. ಕೊನೆಗೆ ತಂಡ ಏಳನೇ ಸ್ಥಾನಕ್ಕೆ ಬಂತು ಅನ್ನೋದು ಬೇರೆ ಮಾತು. ಎಲ್ಲರ ಬಾಯಲ್ಲೂ ಒಂದೇ ಮಾತು: ಕ್ಲಾಪ್ ಕಥೆ ಮುಗೀತು.

ಒಬ್ಬರಿಗೆ ಮಾತ್ರ ಹಾಗೆ ಅನ್ನಿಸಲಿಲ್ಲ. ಇಯಾನ್ ಗ್ರಹಾಂ, ಕೇಂಬ್ರಿಡ್ಜ್‌ನಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು, ಆಗ ಇಂಗ್ಲೆಂಡ್‌ನ ಲಿವರ್‌ಪೂಲ್ ಕ್ಲಬ್‌ನಲ್ಲಿ ಅಂಕಿ-ಅಂಶ ನೋಡುತ್ತಿದ್ದವರು. ಅವರು ನೋಡಿದ್ದು ಗೋಲುಗಳನ್ನಲ್ಲ, ಅವಕಾಶಗಳನ್ನು.

ಇದು ಹೇಗೆ ಅಂತ ಸರಳವಾಗಿ ಹೇಳ್ತೀನಿ. ಪ್ರತಿಯೊಂದು ಶಾಟ್‌ಗೂ ಒಂದು ಬೆಲೆ ಕಟ್ಟುತ್ತಾರೆ. ಎಷ್ಟು ದೂರದಿಂದ ಹೊಡೆದದ್ದು, ಯಾವ ಕೋನದಿಂದ, ಕಾಲಿನಿಂದಲೋ ತಲೆಯಿಂದಲೋ. ಹಿಂದೆ ನಡೆದ ಸಾವಿರಾರು ಶಾಟ್‌ಗಳಲ್ಲಿ ಇಂಥವು ಎಷ್ಟು ಗೋಲಾಗಿವೆ ಅಂತ ನೋಡುತ್ತಾರೆ. ಪೆನಾಲ್ಟಿ ನಾಲ್ಕರಲ್ಲಿ ಮೂರು ಸಲ ಗೋಲಾಗುತ್ತದೆ, ಹಾಗಾಗಿ ಅದರ ಬೆಲೆ ಮುಕ್ಕಾಲು ಗೋಲಿನ ಆಸುಪಾಸು. ಮೂವತ್ತು ಮೀಟರ್ ದೂರದಿಂದ ಹೊಡೆದದ್ದಕ್ಕೆ ಚಿಲ್ಲರೆ ಕಾಸು. ಎಲ್ಲ ಕೂಡಿಸಿದರೆ ಈ ತಂಡಕ್ಕೆ ಎಷ್ಟು ಗೋಲು ಬರಬೇಕಿತ್ತು ಅನ್ನೋದು ಸಿಗುತ್ತದೆ. ಇದಕ್ಕೆ ಎಕ್ಸ್‌ಪೆಕ್ಟೆಡ್ ಗೋಲ್ಸ್ ಅಂತಾರೆ. ಟಿವಿ ಪರದೆಯ ಮೂಲೆಯಲ್ಲಿ ಎಕ್ಸ್‌ಜಿ ಅಂತ ಬರುತ್ತಲ್ಲ, ಅದೇ. ಪಾಸ್ ಎಣಿಸೋದು ಬೆವರು ಅಳೆದ ಹಾಗೆ. ಇದು ಕೆಲಸ ಅಳೆದ ಹಾಗೆ.

ಇದೇ ಬಗೆಯ ಲೆಕ್ಕದಲ್ಲಿ ಗ್ರಹಾಂಗೆ ಸಿಕ್ಕ ಉತ್ತರ: ಈ ತಂಡ ಆಡಿದ ಆಟಕ್ಕೆ ಏಳನೇ ಸ್ಥಾನ ಅಲ್ಲ, ಎರಡನೇ ಸ್ಥಾನ ಬರಬೇಕಿತ್ತು! 2015ರ ಅಕ್ಟೋಬರ್‌ನಲ್ಲಿ ಲಿವರ್‌ಪೂಲ್ ಕ್ಲಾಪ್ ಅವರನ್ನು ಕರೆಸಿಕೊಂಡಿತು. ಕೆಲವೇ ವಾರಗಳ ನಂತರ ಗ್ರಹಾಂ ಒಂದಿಷ್ಟು ಕಾಗದ ಹಿಡಿದು ಕ್ಲಾಪ್ ಕೋಣೆಗೆ ಹೋದರು. ಮೈನ್ಜ್ ಎದುರು 2-0ಯಲ್ಲಿ ಸೋತ ಪಂದ್ಯ, ಹ್ಯಾನೋವರ್ ಎದುರು 1-0ಯಲ್ಲಿ ಸೋತ ಪಂದ್ಯ, ಎರಡರಲ್ಲೂ ನಿಮ್ಮ ತಂಡದ್ದೇ ಮೇಲುಗೈ ಅಂತ ತೋರಿಸಿದರು. ಕ್ಲಾಪ್ ಉತ್ಸಾಹದಿಂದ ಆ ಪಂದ್ಯಗಳ ಬಗ್ಗೆ ಮಾತಿಗೆ ಶುರು ಹಚ್ಚಿಕೊಂಡರು, ಈ ಮನುಷ್ಯ ನೋಡಿದ್ದಾರೆ ಅಂದುಕೊಂಡು. ಗ್ರಹಾಂ ಅವನ್ನು ನೋಡೇ ಇರಲಿಲ್ಲ. ಬರೀ ಲೆಕ್ಕ ನೋಡಿದ್ದರು.

ಮುಂದಿನದು ನಿಮಗೆ ಗೊತ್ತು. 2019ರಲ್ಲಿ ಲಿವರ್‌ಪೂಲ್ ಚಾಂಪಿಯನ್ಸ್ ಲೀಗ್ ಗೆದ್ದಿತು. 2020ರಲ್ಲಿ 30 ವರ್ಷಗಳ ನಂತರ ಇಂಗ್ಲೆಂಡ್‌ನ ಲೀಗ್ ಗೆದ್ದಿತು.

ಹಾಗಂತ ಡಾರ್ಟ್‌ಮುಂಡ್ ಸೋತದ್ದಕ್ಕೆ ಬರೀ ದುರಾದೃಷ್ಟ ಕಾರಣ ಅಂತ ಹೇಳೋಕಾಗಲ್ಲ. ಆ ಸೀಸನ್ ಶುರುವಾಗುವ ಮುಂಚೆಯೇ ಗೋಲಿನ ಯಂತ್ರದಂತಿದ್ದ ರಾಬರ್ಟ್ ಲೆವಾಂಡೋವ್‌ಸ್ಕಿ ಬಯರ್ನ್ ಮ್ಯೂನಿಕ್‌ಗೆ ಹೋಗಿದ್ದರು. ಎಕ್ಸ್‌ಜಿ ಲೆಕ್ಕ ಶಾಟ್ ನೋಡುತ್ತದೆ, ಹೊಡೆಯುವ ಕಾಲು ಯಾರದು ಅಂತ ಸಾಮಾನ್ಯವಾಗಿ ನೋಡುವುದಿಲ್ಲ. ಅದೇ ಅವಕಾಶ ಲೆವಾಂಡೋವ್‌ಸ್ಕಿಗೆ ಸಿಗುವುದಕ್ಕೂ ಇನ್ನೊಬ್ಬರಿಗೆ ಸಿಗುವುದಕ್ಕೂ ವ್ಯತ್ಯಾಸ ಇಲ್ಲವೇ? ಇದೆ. ಲೆಕ್ಕಕ್ಕೂ ಒಂದು ಮಿತಿ ಇದೆ. ಆದರೆ ಒಂದು ಮಾತು ನೆನಪಿಡಿ. ಲೀಗ್‌ನಲ್ಲಿ ಮಣ್ಣು ಮುಕ್ಕುತ್ತಿದ್ದ ಅದೇ ತಿಂಗಳುಗಳಲ್ಲಿ ಅದೇ ತಂಡ ಯೂರೋಪ್‌ನ ಚಾಂಪಿಯನ್ಸ್ ಲೀಗ್‌ನಲ್ಲಿ ಆರ್ಸೆನಲ್ ಇದ್ದ ಗುಂಪಿನಲ್ಲಿ ಮೊದಲ ಸ್ಥಾನ ಪಡೆದಿತ್ತು. ಆಟ ಸತ್ತಿರಲಿಲ್ಲ. ಫಲಿತಾಂಶ ಕೈಕೊಟ್ಟಿತ್ತು.

ಈಗ ಎರಡೂ ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮ್ಯಾಂಚೆಸ್ಟರ್ ಸಿಟಿಯ 80 ಗೋಲು ನಿಜ, ಆದರೆ ಅದು ಸೋಲನ್ನು ಮುಚ್ಚುವ ನಿಜ. ಡಾರ್ಟ್‌ಮುಂಡ್ ಅವಕಾಶಗಳೂ ನಿಜ, ಅದು ಸೋಲಿನ ಒಳಗೆ ಏನಿದೆ ಅಂತ ತೋರಿಸುವ ನಿಜ. ಎರಡಕ್ಕೂ ಇರುವ ವ್ಯತ್ಯಾಸ ತಿಳಿಯದೇ ಹೋದರೆ ಒಳ್ಳೆಯ ಕೋಚ್‌ನ ಓಡಿಸಿಬಿಡ್ತೀವಿ, ಇಲ್ಲಾ ಕೆಟ್ಟ ಕೋಚ್‌ನ ಹೊತ್ತು ಮೆರೆಸ್ತೀವಿ. ಇದು ಮೈದಾನಕ್ಕೆ ಮಾತ್ರ ಅಲ್ಲ, ಕಚೇರಿಗೂ ಅನ್ವಯಿಸುತ್ತೆ, ಮನೆಗೂ ಅನ್ವಯಿಸುತ್ತೆ. ಮಗ ಫೇಲಾಗಿ ಬಂದಾಗ ಮಾರ್ಕ್ಸ್ ಕಾರ್ಡ್ ಒಂದನ್ನೇ ನೋಡಿ ಬೈಯೋರೂ ಇದ್ದಾರೆ, ದಿನಕ್ಕೆ ಹತ್ತು ಗಂಟೆ ಓದಿದ್ದ ಅಂತ ಸಮಾಧಾನ ಹೇಳಿಕೊಳ್ಳೋರೂ ಇದ್ದಾರೆ. ಎಷ್ಟು ಹೊತ್ತು ಓದಿದ ಅನ್ನೋದು ಪಾಸ್ ಎಣಿಸಿದ ಹಾಗೆ. ಏನು ಅರ್ಥ ಆಯಿತು ಅಂತ ಕೂರಿಸಿಕೊಂಡು ಕೇಳೋರು ಕಡಿಮೆ.

ಹಾಗಾಗಿ ಸೋತವರು ಅಂಕಿ-ಅಂಶ ಹಿಡಿದುಕೊಂಡು ಬಂದರೆ ಬಾಗಿಲು ಹಾಕಬೇಡಿ. ಮೂರು ಪ್ರಶ್ನೆ ಕೇಳಿ. ಈ ಅಂಕಿ ಒಂದೆರಡು ದಿನ ರಾಶಿ ಬಿದ್ದದ್ದೋ, ವರ್ಷಪೂರ್ತಿ ಹರಡಿದ್ದೋ? ಇದು ನೀವು ಗಳಿಸಿದ್ದೋ, ಎದುರಾಳಿ ಬಿಟ್ಟುಕೊಟ್ಟದ್ದೋ? ನೀವು ಎಣಿಸುತ್ತಿರುವುದು ಬೆವರನ್ನೋ, ಕೆಲಸವನ್ನೋ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಆ ಕೋಚ್‌ಗೆ ಇನ್ನೊಂದು ವರ್ಷ ಕೊಡಿ. ಸಿಗಲಿಲ್ಲ ಅಂದರೆ 80 ಗೋಲು ಹೊಡೆದಿದ್ದರೂ ಅಷ್ಟೇ. ಆಟಕ್ಕುಂಟು, ಲೆಕ್ಕಕ್ಕಿಲ್ಲ.