ಗದಗಿನ ಈ ಶಾಲೆಯಲ್ಲಿ ಮೌಲ್ಯಕ್ಕೆ ಬೇರೆ ಪೀರಿಯಡ್ ಇಲ್ಲ

ಗದಗ ರೈಲು ನಿಲ್ದಾಣದಲ್ಲಿ ಇಳಿದು 'ಪುಣ್ಯಾಶ್ರಮ' ಎಂದರೆ ಸಾಕು, ಆಟೋದವರು ಮರುಪ್ರಶ್ನೆ ಕೇಳುವುದಿಲ್ಲ. ವೀರೇಶ್ವರ ಪುಣ್ಯಾಶ್ರಮದ ಅಂಗಳಕ್ಕೆ ಕಾಲಿಟ್ಟರೆ ಒಂದು ಕಡೆ ಹಾರ್ಮೋನಿಯಂ, ಇನ್ನೊಂದು ಕಡೆ ತಬಲಾ, ನಡುವೆ ಎಳೆಯ ಗಂಟಲುಗಳ ಸರಿಗಮ. ಮುಂದಿನವನ ಹೆಗಲ ಮೇಲೆ ಕೈಯಿಟ್ಟು ಹುಡುಗರು ಸಾಲಾಗಿ ಹೊರಟಿರುತ್ತಾರೆ. ಅವರಲ್ಲಿ ಹಲವರಿಗೆ ಕಣ್ಣಿಲ್ಲ. ಆದರೆ ಆ ನಡಿಗೆಯಲ್ಲಿ ಅಳುಕಿಲ್ಲ.

ಬಂದವರು ಮೊದಲು ಕೈಮುಗಿಯುವುದು ಆಶ್ರಮದ ಇಬ್ಬರು ಗುರುಗಳ ಗದ್ದುಗೆಗಳಿಗೆ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದವರು, ಹುಟ್ಟುಕುರುಡರು. ಗದಿಗೆಯ್ಯ ಎಂಬ ಆ ಬಾಲಕನ ಕಂಠವನ್ನು ಗುರುತಿಸಿ ಸಂಗೀತ ಕಲಿಸಲು ಏರ್ಪಾಡು ಮಾಡಿದವರು ಹಾನಗಲ್ಲ ಕುಮಾರ ಶಿವಯೋಗಿಗಳು. ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಅರಗಿಸಿಕೊಂಡ ಗವಾಯಿಗಳು ತಮ್ಮಂಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ, ಕೊನೆಗೆ ಗದಗಿನಲ್ಲಿ ನೆಲೆಯೂರಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮದ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು. 1914ರಲ್ಲಿ ಹುಟ್ಟಿದ ಅವರಿಗೂ ಎಳವೆಯಲ್ಲೇ ದೃಷ್ಟಿ ಹೋಗಿತ್ತು. ನಾಟಕ ಕಂಪನಿ ನಡೆಸಿ, ಭಕ್ತರು ಮಾಡಿದ ತುಲಾಭಾರದ ಹಣವನ್ನು ಆಶ್ರಮಕ್ಕೇ ಸುರಿದು ಮಕ್ಕಳನ್ನು ಸಾಕಿದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರೂ ಲಿಂಗೈಕ್ಯರಾದರು. ಈ ಭಾಗದ ಬಾಯಲ್ಲಿ ಅವರು ಇಂದಿಗೂ 'ಅಜ್ಜಾರು'.

ಪಾಠದ ಕೋಣೆಯಲ್ಲಿ ತುಸು ಹೊತ್ತು ಕುಳಿತರೆ ಇಲ್ಲಿನ ಶಿಕ್ಷಣದ ಬುಡ ಕಾಣುತ್ತದೆ. ಹದಿನಾರು ಮಾತ್ರೆಯ ತೀನ್‌ತಾಲದಲ್ಲಿ ಖಾಲಿ ಬಂದಾಗ ಚಪ್ಪಾಳೆ ತಟ್ಟದೆ ಕೈ ಬೀಸಿ ತೋರಿಸುವುದು ರೂಢಿ. ಆ ಕೈ ಕಾಣದ ಹುಡುಗ ತಬಲಾದ ಡಗ್ಗೆಯನ್ನು ಆಲಿಸುತ್ತಾನೆ. ಎಡಗೈಯ ಗುಂಗು ತಟಕ್ಕನೆ ನಿಂತಿತೆಂದರೆ ಖಾಲಿ ಬಂತು, ಮತ್ತೆ ತುಂಬಿಕೊಂಡಿತೆಂದರೆ ತಾಳದ ಮೊದಲ ಮಾತ್ರೆಯಾದ ಸಮ್ ಹತ್ತಿರ. ಹಾರ್ಮೋನಿಯಂ ಮುಂದಿನ ಮಗು ಎದ್ದು ನಿಂತ ಕರಿ ಮನೆಗಳನ್ನು ಎರಡು, ಮೂರು ಎಂದು ತಡವಿ ಷಡ್ಜ ಹಿಡಿಯುತ್ತದೆ. ತಪ್ಪಿದಾಗ ಪಕ್ಕದ ದೊಡ್ಡ ಹುಡುಗ ಬೈಯುವುದಿಲ್ಲ, ಆ ಬೆರಳನ್ನೇ ಹಿಡಿದು ಸರಿಯಾದ ಮನೆಯ ಮೇಲಿಡುತ್ತಾನೆ. ನಿನ್ನೆ ಕಲಿತವನು ಇಂದು ಕಲಿಸುವುದು ಇಲ್ಲಿನ ಕ್ರಮ. ಕಲಿಸಿದ ಗುರುವಿಗೂ ಕಣ್ಣಿರಲಿಲ್ಲ ಎಂಬುದಕ್ಕಿಂತ ದೊಡ್ಡ ಧೈರ್ಯವನ್ನು ಆ ಮಗುವಿಗೆ ಯಾವ ಪುಸ್ತಕ ಕೊಟ್ಟೀತು?

ಮಧ್ಯಾಹ್ನ ದಾಸೋಹ. ಯಾವ ಜಾತಿ, ಯಾವ ಮತ ಎಂಬ ಕೇಳಿಕೆಯಿಲ್ಲದೆ ಸೇರಿಸಿಕೊಂಡ ಮಕ್ಕಳು, ಊರಿಂದ ಬಂದ ಭಕ್ತರು, ಸುಮ್ಮನೆ ನೋಡಲು ಬಂದ ನನ್ನಂಥವರು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರುತ್ತೇವೆ. ಊಟ, ವಸತಿ, ವಿದ್ಯೆ ಯಾವುದಕ್ಕೂ ಮಕ್ಕಳಿಂದ ಕಾಸಿಲ್ಲ. ಆದರೂ ಇದು ಅನಾಥಾಲಯದ ಕರುಣೆಯಲ್ಲ. ಅನ್ನ ಸಮಾಜದ್ದು, ಹಾಡು ನಿನ್ನದು, ಕಲಿತು ಅದನ್ನು ಸಮಾಜಕ್ಕೆ ತಿರುಗಿ ಕೊಡು ಎಂಬ ಶರಣರ ಕಾಯಕ–ದಾಸೋಹದ ಲೆಕ್ಕ ಇದು. ಹಾಗೆ ತಿರುಗಿ ಕೊಟ್ಟ ಹಿಂದೂಸ್ತಾನಿ ಗಾಯಕರಲ್ಲಿ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ಎಂ. ವೆಂಕಟೇಶಕುಮಾರ್ ಪುಟ್ಟರಾಜರ ಶಿಷ್ಯರು. ಕಛೇರಿಯ ವೇದಿಕೆ ಏರದ ಎಷ್ಟೋ ಮಕ್ಕಳು ಶಾಲೆಗಳಲ್ಲಿ ಸಂಗೀತ ಕಲಿಸುತ್ತ, ಮಠಗಳಲ್ಲಿ ಪುರಾಣಕ್ಕೆ ತಬಲಾ ಸಾಥ್ ನೀಡುತ್ತ ಸ್ವಂತ ದುಡಿಮೆಯಲ್ಲಿ ಬದುಕಿದ್ದಾರೆ.

ಧರ್ಮವೊಂದರ ಮೌಲ್ಯ ಹೀಗೆ ಶಾಲೆಯಾಗುವುದು ನಮ್ಮಲ್ಲಷ್ಟೇ ಅಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಪಂಥದವರು ಪೂಜಾರಿಯಿಲ್ಲದೆ, ಮಂತ್ರವಿಲ್ಲದೆ, ಒಟ್ಟಾಗಿ ಮೌನವಾಗಿ ಕೂರುವುದನ್ನೇ ಪ್ರಾರ್ಥನೆ ಮಾಡಿಕೊಂಡವರು. 1779ರಲ್ಲಿ ಯಾರ್ಕ್‌ಶೈರಿನ ಆಕ್ವರ್ತ್‌ನಲ್ಲಿ, ಸಿರಿವಂತರಲ್ಲದ ಮನೆಗಳ ಹುಡುಗ ಹುಡುಗಿಯರಿಗೆಂದು ಶಾಲೆ ತೆರೆದರು. ಅದೇ ಪಂಥ ಸೇರಿದ ಇಂಗ್ಲೆಂಡಿನ ಶಿಕ್ಷಕಿ ಮಾರ್ಜರಿ ಸೈಕ್ಸ್ ಶಾಂತಿನಿಕೇತನದಲ್ಲೂ ಗಾಂಧೀಜಿಯ ಸೇವಾಗ್ರಾಮದಲ್ಲೂ ದುಡಿದವರು. ಕ್ವೇಕರರಲ್ಲಿ ಮೌನ, ಇಲ್ಲಿ ನಾದ. ಆದರೆ ಎರಡೂ ಕಡೆ ಮಗು ಮೊದಲು ಕಲಿಯುವುದು ಆಲಿಸುವುದನ್ನು, ಪಕ್ಕದಲ್ಲಿ ಕುಳಿತವನು ತನಗೆ ಸಮ ಎಂಬುದನ್ನು.

ನಮ್ಮ ಶಾಲೆಗಳಲ್ಲಿ ಮೌಲ್ಯಶಿಕ್ಷಣಕ್ಕೆ ಪುಸ್ತಕವಿದೆ, ಅಂಕವೂ ಇದೆ. ಪುಣ್ಯಾಶ್ರಮದಲ್ಲಿ ಅದು ದಿನಚರಿಯಲ್ಲೇ ಬೆರೆತಿದೆ. ಯಾರ ಪಕ್ಕ ಕೂತು ಉಣ್ಣುತ್ತೇವೆ, ಯಾರಿಗೆ ಕಲಿಸುತ್ತೇವೆ, ತಪ್ಪಿದವನನ್ನು ಹೇಗೆ ತಿದ್ದುತ್ತೇವೆ ಎಂಬುದರಲ್ಲಿ ಅದು ಮಗುವಿನ ಮೈಗೂಡುತ್ತದೆ. ಶಿಕ್ಷಕರೂ ಪಾಲಕರೂ ಒಮ್ಮೆ ಇಲ್ಲಿಗೆ ಬರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 60 ಕಿ.ಮೀ., ರೈಲೂ ಬಸ್ಸೂ ಧಾರಾಳ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದಲೂ ಬಸ್ಸುಗಳಿವೆ. ಗದ್ದುಗೆಗೆ ನಮಸ್ಕರಿಸಿ ಹಾಗೇ ಹೊರಟುಬಿಡಬೇಡಿ. ಪಾಠದ ಹೊತ್ತಿಗೆ ಬನ್ನಿ, ಮಕ್ಕಳನ್ನೂ ಕರೆತನ್ನಿ, ಪಂಕ್ತಿಯಲ್ಲಿ ಕೂತು ಊಟ ಮಾಡಿಯೇ ಹೋಗಿ.