ಗೋಧಿ ಹೊಟ್ಟೆ ಬೆಳ್ಳಗಾದರೆ ದರಕ್ಕೆ ಕತ್ತರಿ
ಹೂ ಬಿಟ್ಟಾಗ ಯೂರಿಯಾ ಫವಾರಣಿ: ಎಷ್ಟು ಲಾಭ, ಎಷ್ಟು ಜೋಪಾನ?

ಅಕ್ಕಲಕೋಟ: ರಾಶಿ ಮುಗಿಸಿ ಗೋಧಿ ಅಡತಿಗೆ ಒಯ್ದಾಗ ವ್ಯಾಪಾರಿ ಮೊದಲು ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಕಾಳು ಅಂಗೈಯಲ್ಲಿ ಹರವಿ ನೋಡುತ್ತಾನೆ. ಕಾಳು ಗಾಜಿನಂತೆ ಹೊಳೆದರೆ ಸರಿ. ಹಳದಿ-ಬಿಳಿ ಮಚ್ಚೆ ಕಂಡರೆ 'ಹೊಟ್ಟಿ ಬೆಳ್ಳಗ ಐತ್ರಿ ಮಾಲು' ಅಂತ ದರ ಇಳಿಸೋದೇ.

ಸೊಲ್ಲಾಪುರ ಜಿಲ್ಲೆ ಮೊದಲಿನಿಂದ ಜೋಳದ ಸೀಮೆ. ಬಾವಿ, ಬೋರು ಇದ್ದವರು ಹಿಂಗಾರಿಗೆ ಗೋಧಿಯನ್ನೂ ಹಾಕುತ್ತಾರೆ. ಬನ್ಸಿಯಂಥ ಗಟ್ಟಿ ಗೋಧಿಯಲ್ಲಿ ಈ ಮಚ್ಚೆ ಎದ್ದು ಕಾಣುತ್ತದೆ. ಇದು ರೋಗವಲ್ಲ, ಬಹುತೇಕ ಸಾರಜನಕದ ಕೊರತೆ. ಕಾಳು ತುಂಬುವಾಗ ಸಾರಜನಕ ಸಾಲದಿದ್ದರೆ ಪ್ರೋಟೀನ್ ಕಡಿಮೆಯಾಗಿ ಕಾಳು ಮೆತ್ತಗಾಗುತ್ತದೆ. ಅಂಥ ಗೋಧಿ ಒಡೆಸಿದರೆ ರವೆ ಕಡಿಮೆ, ಹಿಟ್ಟು ಜಾಸ್ತಿ. ಶ್ಯಾವಿಗೆಯೂ ಕುದಿಯುವಾಗ ಮುದ್ದೆಯಾಗುತ್ತದೆ.

ಹೂವಿನ ಹೊತ್ತೇ ಯಾಕೆ?

ಮೊದಲು ಕೊಟ್ಟ ಗೊಬ್ಬರ ಮರಿ ತೆಂಡೆ, ಎಲೆ, ತೆನೆಗೆ ಹೋಗಿ ಇಳುವರಿ ಹೆಚ್ಚಿಸುತ್ತದೆ. ಹೂ ಬಿಟ್ಟ ಮೇಲೆ ಕೊಟ್ಟಿದ್ದು ಹೆಚ್ಚಾಗಿ ಕಾಳಿನ ಪ್ರೋಟೀನ್‌ಗೆ ಸೇರುತ್ತದೆ. ಚೀಲದ ಲೆಕ್ಕ ಹೆಚ್ಚೇನೂ ಬದಲಾಗದು, ಕಾಳಿನ ಗುಣ ಬದಲಾಗಬಹುದು. ನವೆಂಬರ್ ಮೊದಲರ್ಧದಲ್ಲಿ ಬಿತ್ತಿದ ಗೋಧಿಗೆ ಈ ಹೊತ್ತು ಜನವರಿಯಲ್ಲಿ ಬರುತ್ತದೆ.

ರೂಢಿಯ ಪ್ರಮಾಣ ಶೇ 2. ಅಂದರೆ 15 ಲೀಟರ್ ಪಂಪಿಗೆ 300 ಗ್ರಾಂ ಯೂರಿಯಾ. ಎಕರೆಗೆ 200 ಲೀಟರ್ ಹೊಡೆದರೆ 4 ಕಿಲೋ ಯೂರಿಯಾ, ಅದರಲ್ಲಿ ಸಾರಜನಕ 1.84 ಕಿಲೋ ಮಾತ್ರ.

ಇಲ್ಲೇ ಲೆಕ್ಕ ಹಾಕಬೇಕು. ಎಕರೆಗೆ 10 ಕ್ವಿಂಟಲ್ ಬೆಳೆದು ಪ್ರೋಟೀನ್ ಶೇ 11 ಇದ್ದರೆ ಕಾಳಿನಲ್ಲೇ ಸುಮಾರು 19 ಕಿಲೋ ಸಾರಜನಕ ಇರುತ್ತದೆ. ಹೊಡೆದಿದ್ದೆಲ್ಲ ಕಾಳಿಗೇ ಸೇರಿದರೂ ಪ್ರೋಟೀನ್ 11ರಿಂದ 12ಕ್ಕೆ ಏರೀತು, ಅಷ್ಟೇ. ಎಲ್ಲವೂ ಸೇರುವುದಿಲ್ಲ. ಆದ್ದರಿಂದ ಬಿತ್ತನೆ ಹೊತ್ತಿನ ಗೊಬ್ಬರ, ಮೇಲುಗೊಬ್ಬರ ತಪ್ಪಿಸಿ ಫವಾರಣಿಯನ್ನೇ ನಂಬಿದರೆ ಕೈ ಸುಟ್ಟುಕೊಂಡಂತೆ.

ಜೋಪಾನ

ಬಿಸಿಲಲ್ಲಿ ಹೊಡೆದರೆ ಎಲೆ ತುದಿ ಸುಡುತ್ತದೆ, ಸಂಜೆ ಹೊಡೆಯುವುದು ಮೇಲು. ಯೂರಿಯಾದಲ್ಲಿ ಬೈಯುರೆಟ್ ಹೆಚ್ಚಿದ್ದರೂ ಎಲೆ ಸುಡುತ್ತದೆ. ಕಳೆನಾಶಕ ಹೊಡೆದ ಪಂಪನ್ನು ಚೆನ್ನಾಗಿ ತೊಳೆಯದೆ ಬಳಸಬಾರದು. ಭೂಮಿಯಲ್ಲಿ ಹಸಿ ಇಲ್ಲದ ಹೊಲಕ್ಕೆ ಈ ಖರ್ಚು ದಂಡ.

ಇನ್ನೊಂದು ಮಾತು. ಬೆಂಬಲ ಬೆಲೆಯಲ್ಲಿ ಪ್ರೋಟೀನ್‌ಗೆ ಬೇರೆ ದರ ಇಲ್ಲ. ಕಾಳಿನ ಹೊಳಪು ನೋಡಿ ಕೊಳ್ಳುವ ವ್ಯಾಪಾರಿ, ರವೆ ಮಾಡುವವರು ಸಿಕ್ಕರಷ್ಟೇ ಫವಾರಣಿಯ ಕೂಲಿ ಮರಳಿ ಬರುತ್ತದೆ.

ಮೊದಲ ವರ್ಷ ಹೊಲದ ಒಂದು ಪಟ್ಟಿ ಹೊಡೆಯದೆ ಬಿಡಿ. ರಾಶಿ ಮಾಡುವಾಗ ಎರಡೂ ಕಡೆಯ ನೂರು ನೂರು ಕಾಳು ಬ್ಲೇಡಿನಿಂದ ಕತ್ತರಿಸಿ, ಒಳಗೆ ಬೆಳ್ಳಗಿರುವುದನ್ನು ಎಣಿಸಿ. ಮಾಗಿದ ಮೇಲೆ ಮಳೆ ಹೊಡೆದರೂ ಕಾಳು ಬಿಳುಚುತ್ತದೆ, ಅದಕ್ಕೆ ಯೂರಿಯಾ ಮದ್ದಲ್ಲ. ಮುಂದಿನ ವರ್ಷ ಹೊಡೆಯೋದೋ ಬ್ಯಾಡೋ ಅಂತ ನಿಮ್ಮ ಹೊಲದ ಕಾಳೇ ಹೇಳುತ್ತದೆ.