ಕಡಲುಂಟು, ಕಾವಲಿನ ಅಧಿಕಾರವಿಲ್ಲ

ಮೆಡಿಟರೇನಿಯನ್ ಸಮುದ್ರದ ಪೂರ್ವತೀರದಲ್ಲಿ ಗಾಜಾ ಎಂಬ ಕಿರಿದಾದ ನೆಲದ ಪಟ್ಟಿಯೊಂದುಂಟು. ಅದರ ಕರಾವಳಿ ಸುಮಾರು 40 ಕಿಲೋಮೀಟರು. ದಂಡೆಯಲ್ಲಿ ನಿಂತು ನೋಡುವವನಿಗೆ ಕಡಲಿಗೆ ಎಲ್ಲೆಯೇ ಕಾಣದು. ಆದರೆ ಬಲೆ ಹೊತ್ತು ದೋಣಿ ಇಳಿಸುವ ಮೀನುಗಾರನಿಗೆ ಎಲ್ಲೆ ಉಂಟು. ಅದನ್ನು ದಾಟಿದರೆ ಗುಂಡಿನ ಭಯವೂ ಉಂಟು.

ಈ ಎಲ್ಲೆ ಹುಟ್ಟಿದ್ದು ಸಂಧಾನದ ಮೇಜಿನ ಮೇಲೆ. 1994ರ ಮೇ ತಿಂಗಳಲ್ಲಿ ಇಸ್ರೇಲಿಗೂ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಗೂ ಕೈರೋ ನಗರದಲ್ಲಿ ಒಪ್ಪಂದವಾಯಿತು. ಗಾಜಾದ ಎದುರಿನ ಸಮುದ್ರವನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಇಸ್ರೇಲಿನ ಮಗ್ಗುಲಲ್ಲೊಂದು, ಈಜಿಪ್ಟಿನ ಮಗ್ಗುಲಲ್ಲೊಂದು, ಹೀಗೆ ಎರಡು ಅಂಚುಗಳು ನಿಷಿದ್ಧವಾದವು. ನಡುವಣ ವಲಯದಲ್ಲಿ ದಂಡೆಯಿಂದ 20 ನಾಟಿಕಲ್ ಮೈಲಿ, ಎಂದರೆ ಸುಮಾರು 37 ಕಿಲೋಮೀಟರು ದೂರದವರೆಗೆ ಮೀನು ಹಿಡಿಯಬಹುದಾಗಿತ್ತು. ಪ್ಯಾಲೆಸ್ಟೀನಿಯರದೇ ಆದ ಕರಾವಳಿ ಪೊಲೀಸು ದಳಕ್ಕೂ ಅವಕಾಶ ದೊರೆಯಿತು. ಆದರೆ ಅದರ ಗಸ್ತು 6 ಮೈಲಿಗೇ ಮುಗಿಯಬೇಕು! ಅದರಾಚೆ ಮೀನುಗಾರನು ಹೋಗಬಹುದು, ಅವನ ಪೊಲೀಸರು ಸಾಮಾನ್ಯವಾಗಿ ಹೋಗುವಂತಿಲ್ಲ. ಕಡಲಿನ ಭದ್ರತೆಯ ಹೊಣೆ ಇಸ್ರೇಲಿ ನೌಕಾಪಡೆಯ ಕೈಯಲ್ಲೇ ಉಳಿಯಿತು.

ಅಪನಂಬಿಕೆಗೆ ಕಾರಣವಿಲ್ಲದೆ ಇರಲಿಲ್ಲ. 2002ರ ಜನವರಿಯಲ್ಲಿ ಕೆಂಪು ಸಮುದ್ರದಲ್ಲಿ ‘ಕರೀನ್ ಎ’ ಎಂಬ ಹಡಗನ್ನು ಇಸ್ರೇಲು ಹಿಡಿಯಿತು. ಅದರಲ್ಲಿ ಸುಮಾರು 50 ಟನ್ ಶಸ್ತ್ರಾಸ್ತ್ರಗಳಿದ್ದವು. ಹಡಗಿನ ನಾಯಕನೂ ಕೆಲವು ನಾವಿಕರೂ ಈ ಕರಾವಳಿ ಪೊಲೀಸು ದಳದವರೇ ಎಂದು ಇಸ್ರೇಲು ಆರೋಪಿಸಿತು. ಕಾವಲುಗಾರನ ಮೇಲೆಯೇ ಸಂದೇಹ ಬಂದಾಗ ದಂಡ ತೆತ್ತವನು ಮಾತ್ರ ಬಡ ಮೀನುಗಾರ. 2006ರಲ್ಲಿ ಅವನ ಕಡಲು 6 ಮೈಲಿಗೆ ಕುಗ್ಗಿತು. 2009ರಲ್ಲಿ ಇಸ್ರೇಲು ಸಮುದ್ರ ದಿಗ್ಬಂಧನವನ್ನು ಸಾರಿದಾಗ 3 ಮೈಲಿಗಿಳಿಯಿತು. ಮುಂದೆ ಅದು ಹಿಗ್ಗಿದ್ದೂ ಉಂಟು, ಮತ್ತೆ ಕುಗ್ಗಿದ್ದೂ ಉಂಟು. ದಡದ ಸಮೀಪದಲ್ಲಿ ಎಲ್ಲ ದೋಣಿಗಳೂ ಒತ್ತಾಗಿ ಬಲೆ ಬೀಸಿದರೆ ಮೀನು ಬೆಳೆಯಲು ಎಡೆಯೆಲ್ಲಿ?

ಇನ್ನೊಂದು ವಿಪರ್ಯಾಸವನ್ನು ವಾಚಕರು ಗಮನಿಸಬೇಕು. 2007ರಲ್ಲಿ ಗಾಜಾ ಹಮಾಸ್ ಪಕ್ಷದ ವಶವಾಯಿತು. ಕರಾವಳಿಯ ಪೊಲೀಸು ಕೆಲಸವೂ ಅದರ ಕೈಸೇರಿತು. ಲೋಕದ ಮನ್ನಣೆಯಿರುವ ಪ್ಯಾಲೆಸ್ಟೀನ್ ಪ್ರಾಧಿಕಾರ ಇರುವುದು ರಾಮಲ್ಲಾದಲ್ಲಿ, ಮೆಡಿಟರೇನಿಯನ್ ತೀರವೇ ಇಲ್ಲದ ನೆಲದಲ್ಲಿ. 2015ರಲ್ಲಿ ಪ್ಯಾಲೆಸ್ಟೀನು ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಒಡಂಬಡಿಕೆಯನ್ನು ಸೇರಿತು. ಕಾಗದದ ಮೇಲೆ ಹಕ್ಕು ಒಬ್ಬರಿಗೆ, ದಡ ಇನ್ನೊಬ್ಬರಿಗೆ, ನೀರು ಮೂರನೆಯವರಿಗೆ!

2023ರ ಅಕ್ಟೋಬರಿನಲ್ಲಿ ಯುದ್ಧ ಹೊತ್ತಿಕೊಂಡ ಮೇಲೆ ಆ ಸಮುದ್ರವೇ ನಿಷಿದ್ಧವಾಯಿತು. ದೋಣಿಗಳಲ್ಲಿ ಬಹುಪಾಲು ನಾಶವಾದವು. ಹಸಿವಿಗೆ ಅಂಜಿ ದಡದ ಬಳಿಯಲ್ಲೇ ಬಲೆ ಬೀಸಿದವರ ಮೇಲೂ ಗುಂಡು ಹಾರಿತು. ಕಡಲ ಕಾವಲೆಂದರೆ ಗಡಿಯನ್ನು ಕಾಯುವುದಷ್ಟೇ ಅಲ್ಲ. ಬೆಳಗ್ಗೆ ಹೋದ ದೋಣಿ ಸಂಜೆ ಮರಳುವಂತೆ ನೋಡಿಕೊಳ್ಳುವುದೂ ಕಾವಲೇ. ಆ ಎರಡನೆಯ ಕಾವಲು ಗಾಜಾದ ಮೀನುಗಾರನಿಗೆ ಯಾರಿಂದಲೂ ದೊರೆಯಲಿಲ್ಲ.